ಟ್ರಕ್ಕಿನ ಮೇಲಿನ ಮನೆಯ ಮೇಷ್ಟ್ರು

ವರ್ಲಿನ್ ಟ್ಯಾಕೆಟ್ ನೆಬ್ರಾಸ್ಕಾದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಉಪಪ್ರಾಂಶುಪಾಲನಾಗಿದ್ದು ನಿವೃತ್ತನಾದವನು. ಪ್ರಾಂಶುಪಾಲನಾಗದೆ ಉಳಿದದ್ದಕ್ಕೆ ತನ್ನ ನೇರ ಮಾತೇ ಕಾರಣ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮಾತು ನೇರವಾಗಿತ್ತು, ಸುಳ್ಳಲ್ಲ. ನೆಬ್ರಾಸ್ಕಾದ ಹೆದ್ದಾರಿಯೂ ನೇರವೇ. ಎರಡೂ ಎಲ್ಲಿ ಮುಗಿಯುತ್ತವೆ ಎಂಬುದು ಒಳಗೆ ಸಿಕ್ಕಿಕೊಂಡವರಿಗೆ ಗೊತ್ತಾಗುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವನ ಮಾತು ಕೇಳುವುದಕ್ಕೆ ಮಕ್ಕಳಿಲ್ಲದಂತಾಯಿತು. ಹೆಂಡತಿ ನೋಲಾ ಇದ್ದಳು. ಆದರೆ ಅವಳು ಮೂವತ್ತೆಂಟು ವರ್ಷ ಕೇಳಿ ಪಳಗಿದವಳು, ಕೈ ಎತ್ತದೆಯೇ ಕಿವಿ ಮುಚ್ಚಿಕೊಳ್ಳುವ ವಿದ್ಯೆ ಕಲಿತಿದ್ದಳು. ಹಾಗಾಗಿ ವರ್ಲಿನ್ ಮನೆ ಮಾರಿದ. ಒಂದು ಪಿಕಪ್ ಟ್ರಕ್ಕು, ಅದರ ಬೆನ್ನ ಮೇಲೆ ಕೂರಿಸುವ ಒಂದು ಕ್ಯಾಂಪರ್, ಮೂರು ಕ್ಯಾಮೆರಾ ಸ್ಟ್ಯಾಂಡು ಕೊಂಡ. ‘ಹಗುರ ಬದುಕು’ ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿಗೆ ವಿಡಿಯೋ ಹಾಕತೊಡಗಿದ.

ಕ್ಯಾಂಪರ್ ಎಂದರೆ ಒಂದು ಪೆಟ್ಟಿಗೆ ಮನೆ. ಹ್ಯಾಂಡಲ್ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಅದರ ಜೊತೆಗೆ ಸುತ್ತಲೂ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಂಡು ನಿಲ್ಲುತ್ತದೆ. ಇಳಿಸಿ ನಾಲ್ಕು ಚಿಲಕ ಹಾಕಿದರೆ ಹೊರಡಲು ಸಿದ್ಧ. ಒಳಗೆ ಒಂದು ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜು, ಡ್ರೈವರ್ ಸೀಟಿನ ನೆತ್ತಿಯ ಮೇಲೆ ಬರುವಂತೆ ಒಂದು ಹಾಸಿಗೆ. ಗಂಡ ಕಾಲುಚೀಲ ಹಾಕಿಕೊಳ್ಳುವಾಗ ಹೆಂಡತಿ ಹೊರಗೆ ನಿಲ್ಲಬೇಕು. ಇಂಥ ಮನೆಯಲ್ಲಿ ಬದುಕುವುದು ಕಷ್ಟವಲ್ಲ. ಇಂಥ ಮನೆಯನ್ನು ಬದುಕಿಸಿಕೊಳ್ಳುವುದು ಕಷ್ಟ. ಚಾವಣಿಯ ಅಂಚಿನ ಅಂಟು ಬಿಸಿಲಿಗೆ ಬಿರುಕು ಬಿಡುತ್ತದೆ, ಮಳೆ ಬಂದರೆ ಆ ಬಿರುಕಿನಲ್ಲೇ ಒಳಗೆ ಬರುತ್ತದೆ. ಒದ್ದೆ ಕ್ಯಾನ್ವಾಸ್ ಮಡಿಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು. ಹಾಸಿಗೆಯ ಅಡಿಯಲ್ಲಿ ಉಸಿರಿನ ನೀರು ಕಟ್ಟುತ್ತದೆ. ಕಲ್ಲು ರಸ್ತೆಯಲ್ಲಿ ಹತ್ತು ಮೈಲು ಹೋದರೆ ಪೆಟ್ಟಿಗೆಯನ್ನು ಟ್ರಕ್ಕಿಗೆ ಬಿಗಿದ ನಾಲ್ಕು ಕೊಂಡಿಗಳೂ ಸಡಿಲಾಗುತ್ತವೆ.

ಇದನ್ನೆಲ್ಲ ನೋಲಾ ನೋಡಿಕೊಳ್ಳುತ್ತಿದ್ದಳು. ಧಾನ್ಯದ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ಅವಳು. ಅವಳ ಹೆಬ್ಬೆರಳಿಗೆ ಸೂಜಿ ನಾಟುತ್ತಿರಲಿಲ್ಲ, ಅಷ್ಟು ಗಡುಸಾಗಿತ್ತು. ಅವಳು ಕೆಲಸ ಮಾಡುವಳು, ವರ್ಲಿನ್ ಕ್ಯಾಮೆರಾ ಹಿಂದೆ ನಿಂತು ಅದನ್ನು ವಿವರಿಸುವನು.

ಒಮ್ಮೆ ಕಿಟಕಿಯ ಜಿಪ್ ಹೊಲಿಯಲು ಕೂತಿದ್ದಾಗ ಅವನು ತನ್ನ ದೊಡ್ಡ ಚರ್ಮದ ಗ್ಲೌಸ್ ತಂದು ಅವಳ ತೊಡೆಯ ಮೇಲೆ ಹಾಕಿದ.

“ಇದನ್ನ ಹಾಕ್ಕೋ.”

“ಇದನ್ನ ಹಾಕ್ಕೊಂಡ್ರೆ ಸೂಜಿ ಹಿಡಿಯೋಕಾಗಲ್ಲ.”

“ಕೈ ಕಾಣುತ್ತೆ ನೋಲಾ.”

“ಕೈ ಕಾಣದೆ ಏನು ಮಾಡ್ಲಿ, ಕಾಲಲ್ಲಿ ಹೊಲೀಲಾ?”

“ಹಾಗಲ್ಲ ಕಣೇ. ದನಿ ಒಬ್ಬರದ್ದು, ಕೈ ಇನ್ನೊಬ್ಬರದ್ದು ಅಂದ್ರೆ ನೋಡೋರ ಗಮನ ಚದುರುತ್ತೆ. ಇದೆಲ್ಲ ಪಾಠ ಮಾಡೋ ಶಾಸ್ತ್ರ. ನಿಂಗೆ ಅರ್ಥ ಆಗಲ್ಲ.”

ನೋಲಾ ಅವತ್ತು ಗ್ಲೌಸ್ ಹಾಕಿಕೊಂಡೇ ಹೊಲಿದಳು. ಆಮೇಲೆ ಎಲ್ಲ ವಿಡಿಯೋಗಳಲ್ಲೂ ಅದೇ ಆಯಿತು. ‘ಸಾರ್, ಆ ಗ್ಲೌಸಿನಲ್ಲೂ ಎಂಥಾ ನಾಜೂಕಿನ ಕೈ ನಿಮ್ಮದು’ ಎಂದು ಜನ ಬರೆದರು. ‘ಎಲ್ಲಾ ಅಭ್ಯಾಸ’ ಎಂದು ವರ್ಲಿನ್ ಉತ್ತರಿಸಿದ. ವರ್ಷ ಕಳೆಯುವಷ್ಟರಲ್ಲಿ ನಲವತ್ತು ಸಾವಿರ ಜನ ಅವನ ವಿಡಿಯೋ ನೋಡತೊಡಗಿದ್ದರು. ಅವರಲ್ಲಿ ಮೊದಲನೆಯವನು ವರ್ಲಿನ್ನೇ. ನೋಡಿ ನೋಡಿ ಆ ಕೈ ತನ್ನದೇ ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿತು. ಆದ ಅನಾಹುತಕ್ಕೆಲ್ಲ ಮೂಲ ಅದು.

ಜನವರಿಯಲ್ಲಿ ಅವರು ಅರಿಜೋನಾದ ಮರುಭೂಮಿಗೆ ಬಂದಿದ್ದರು. ಚಳಿಗಾಲದಲ್ಲಿ ಉತ್ತರದ ಮುದುಕರೆಲ್ಲ ಹಕ್ಕಿಗಳ ಹಾಗೆ ಅಲ್ಲಿಗೆ ಇಳಿಯುತ್ತಾರೆ. ಒಣ ಹಳ್ಳದ ದಂಡೆಯ ಮೇಲೆ ಚಾವಣಿ ಏಳುವ ಕ್ಯಾಂಪರಿನವರದೇ ಒಂದು ಜಾತ್ರೆ ಸೇರಿತ್ತು, ಅರವತ್ತು ಬಂಡಿಗಳಿದ್ದಿರಬಹುದು. ಶನಿವಾರ ಬೆಳಿಗ್ಗೆ ‘ಹಗುರ ಬದುಕಿನ’ ಟ್ಯಾಕೆಟ್ ಸಾಹೇಬರು ಕ್ಯಾಂಪರನ್ನು ಟ್ರಕ್ಕಿನಿಂದ ಇಳಿಸುವ ಕ್ರಮವನ್ನು ಎಲ್ಲರೆದುರು ಮಾಡಿ ತೋರಿಸುತ್ತಾರೆಂದು ಬೋರ್ಡು ಹಾಕಿದ್ದರು.

ಬುಧವಾರ ನೋಲಾಳ ಅಕ್ಕ ಬಿದ್ದು ಸೊಂಟ ಮುರಿದುಕೊಂಡಳೆಂದು ಫೋನು ಬಂತು.

“ಶನಿವಾರದ್ದು ಮುಂದಕ್ಕೆ ಹಾಕು. ನಾನು ಸೋಮವಾರ ಬಂದುಬಿಡ್ತೀನಿ,” ಎಂದಳು ನೋಲಾ ಬಟ್ಟೆ ತುಂಬಿಕೊಳ್ಳುತ್ತ.

“ಯಾಕೆ ಮುಂದಕ್ಕೆ ಹಾಕ್ಬೇಕು?”

“ಇಳಿಸೋದು ನಿಂಗೆ ಬರಲ್ಲ ವರ್ಲಿನ್.”

“ನಲವತ್ತು ಸಾವಿರ ಜನಕ್ಕೆ ಹೇಳಿಕೊಟ್ಟವನಿಗೆ ಬರಲ್ವಾ?”

ನೋಲಾ ಒಂದು ಹಾಳೆಯಲ್ಲಿ ಇಳಿಸುವ ಕ್ರಮವನ್ನು ಹದಿನಾಲ್ಕು ಸಾಲಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೊರಟುಹೋದಳು. ವರ್ಲಿನ್ ಅದನ್ನು ಓದಿದ. ಕೆಂಪು ಪೆನ್ನು ಹಿಡಿದು ಓದಿದ. ಐದು ಕಡೆ ಕಾಗುಣಿತ ತಪ್ಪಿತ್ತು, ಎರಡು ವಾಕ್ಯಕ್ಕೆ ಕ್ರಿಯಾಪದವೇ ಇರಲಿಲ್ಲ. ತಿದ್ದಿ, ಕೆಳಗೆ ‘ಪರವಾಗಿಲ್ಲ’ ಎಂದು ಷರಾ ಬರೆದು, ಮಡಿಚಿ ಖಾನೆಯೊಳಗೆ ಇಟ್ಟ.

ಮೊದಲ ದಿನವೇ ಫ್ರಿಜ್ಜು ಕೈಕೊಟ್ಟಿತು. ಗ್ಯಾಸಿನಲ್ಲಿ ನಡೆಯುವ ಆ ಫ್ರಿಜ್ಜಿಗೆ ಕೆಳಗೊಂದು ಪುಟ್ಟ ಬೆಂಕಿ ಹಚ್ಚಬೇಕು, ಬಂಡಿ ಮಟ್ಟವಾಗಿ ನಿಂತಿರಬೇಕು. ವರ್ಲಿನ್ ಮೊಣಕಾಲೂರಿ ಅರ್ಧ ಗಂಟೆ ಗುಂಡಿ ಒತ್ತಿದ, ಹುಬ್ಬು ಸುಟ್ಟುಕೊಂಡ. ಹಾಲು ಒಡೆಯಿತು. ಮರುದಿನ ನೀರಿನ ಪಂಪು ತಾನಾಗಿ ಗುರ್ರೆನ್ನತೊಡಗಿತು; ಏನು ಮಾಡಿದರೂ ನಿಲ್ಲಲಿಲ್ಲ. ನಲ್ಲಿ ಬಿಟ್ಟೇ ಇತ್ತು, ತೊಟ್ಟಿ ಬರಿದಾಗಿತ್ತು. ಚಾವಣಿಯನ್ನು ಎರಡು ಗೇಣು ಇಳಿಸಿ ಮರೆತಿದ್ದವನು ಎದ್ದು ನಿಲ್ಲಲು ಹೋಗಿ ನೆತ್ತಿಗೆ ಬುಗುಟು ಏಳಿಸಿಕೊಂಡ.

ಪಕ್ಕದ ಬಂಡಿಯಲ್ಲಿ ಡೆಲ್ಫಿನಾ ಒರೋಸ್ಕೊ ಇದ್ದಳು. ನ್ಯೂ ಮೆಕ್ಸಿಕೋದವಳು, ಇಪ್ಪತ್ತಾರು ವರ್ಷ ದೊಡ್ಡ ಲಾರಿ ಓಡಿಸಿದವಳು, ಈಗ ಎಪ್ಪತ್ತರ ಹತ್ತಿರ. ತನ್ನ ಕುರ್ಚಿಯಲ್ಲಿ ಕೂತು ಹಸಿರು ಮೆಣಸಿನಕಾಯಿ ಸುಡುತ್ತ ಇದನ್ನೆಲ್ಲ ನೋಡುತ್ತಿದ್ದಳು.

“ಏನ್ ಮೇಷ್ಟ್ರೇ, ಬೆಳಿಗ್ಗೆಯಿಂದ ಮೂರು ಸಲ ಬೈಗುಳ ಕೇಳಿಸ್ತು. ಯಾರಾದ್ರೂ ಬಂದವ್ರಾ ಒಳಗೆ?”

“ಪ್ರಯೋಗ ಮಾಡ್ತಿದ್ದೆ,” ಎಂದ ವರ್ಲಿನ್ ನೆತ್ತಿ ಉಜ್ಜಿಕೊಳ್ಳುತ್ತ.

“ಹುಬ್ಬಿನ ಮೇಲಾ?”

“ಹಳೇ ಮಾಡೆಲ್ ಫ್ರಿಜ್ಜು. ಅದಕ್ಕೆ ತಾಳ್ಮೆ ಬೇಕು.”

“ತಾಳ್ಮೆ ಊರಿಗೆ ಹೋಗಿದಾಳಲ್ಲ, ಸೋಮವಾರ ಬರ್ತಾಳೆ. ನಾಳೆ ಇಳಿಸೋವಾಗ ನಾನೊಂದು ಕೈ ಹಾಕ್ಲಾ?”

“ಬೇಡ ಬೇಡ. ಇನ್ನೊಬ್ಬರು ನಡುವೆ ಬಂದ್ರೆ ಪಾಠದ ಲಯ ಕೆಡುತ್ತೆ.”

“ಸರಿ ಹಾಗಾದ್ರೆ. ನಾನು ಕುರ್ಚಿ ಮುಂದಿನ ಸಾಲಲ್ಲಿ ಹಾಕ್ಕೋತೀನಿ,” ಎಂದಳು ಡೆಲ್ಫಿನಾ. ಒಂದು ತಟ್ಟೆ ಬೀನ್ಸ್ ಕಾಳಿನ ಪಲ್ಯವನ್ನೂ ಎರಡು ರೊಟ್ಟಿಯನ್ನೂ ಅವನ ಕೈಗೆ ಕೊಟ್ಟಳು. ಅವನು ತಿಂದ. ತಿನ್ನುತ್ತ, ಮೆಣಸಿನಕಾಯಿ ಸುಡುವ ಸರಿಯಾದ ಕ್ರಮ ಯಾವುದೆಂದು ಅವಳಿಗೆ ಹೇಳಿಕೊಟ್ಟ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಪ್ಪತ್ತು ಎಂಬತ್ತು ಜನ ಕುರ್ಚಿ ಹಾಕಿಕೊಂಡು ಕೂತರು. ಮಿನ್ನೆಸೋಟಾದ ಗಾರ್ತ್ ಲಿಂಡ್‌ಕ್ವಿಸ್ಟ್ ಎಂಬುವನು ಎಲ್ಲರಿಗಿಂತ ಮುಂದೆ, ನೋಟುಪುಸ್ತಕ ಬಿಚ್ಚಿಕೊಂಡು. ಅವನು ವರ್ಲಿನ್‌ನ ಎಲ್ಲ ವಿಡಿಯೋಗಳನ್ನೂ ಎರಡೆರಡು ಸಲ ನೋಡಿದ್ದ ಭಕ್ತ.

ವರ್ಲಿನ್ ಗ್ಲೌಸ್ ತೊಟ್ಟು, ಹಗುರ ಬದುಕಿನ ತತ್ತ್ವದಿಂದ ಶುರು ಮಾಡಿದ. ನಲವತ್ತು ನಿಮಿಷ ತತ್ತ್ವವೇ ಆಯಿತು. ಯಾರೋ ಕೆಮ್ಮಿದರು. ಆಮೇಲೆ ಕೊಂಡಿಗಳಿಗೆ ಬಂದ. ಪೆಟ್ಟಿಗೆಯನ್ನು ಟ್ರಕ್ಕಿಗೆ ಬಿಗಿದ ಕೊಂಡಿಗಳು ಪ್ರತಿ ಬದಿಗೆ ಎರಡರಂತೆ ನಾಲ್ಕು. ಮೊದಲು ಅವನ್ನು ಬಿಚ್ಚಬೇಕು. ಎಡಗಡೆಯ ಎರಡು ಬಿಚ್ಚಿದ. ಬಲಗಡೆಗೆ ಬಂದು ಹಿಂದಿನದನ್ನು ಬಿಚ್ಚುವಾಗ ಗಾರ್ತ್ ಕೈಯೆತ್ತಿ, “ಸಾರ್, ತಿರುಪಿಗೆ ಎಣ್ಣೆ ಹಾಕೋದಾ, ಗ್ರೀಸಾ?” ಎಂದು ಕೇಳಿದ. ಅದಕ್ಕೆ ಉತ್ತರ ಹೇಳುತ್ತ ಹೇಳುತ್ತ ವರ್ಲಿನ್ ಬಲಗಡೆಯ ಮುಂದಿನ ಕೊಂಡಿಯನ್ನು ದಾಟಿ, ಪೆಟ್ಟಿಗೆಯನ್ನು ಎತ್ತಿ ಹಿಡಿಯುವ ಜಾಕಿನ ಹತ್ತಿರ ಬಂದುಬಿಟ್ಟ.

ಚಾವಣಿಯನ್ನು ಇಳಿಸಲೂ ಇಲ್ಲ. ಒಳಗಿನ ಅಚ್ಚುಕಟ್ಟು ಜನಕ್ಕೆ ಕಾಣಲಿ ಎಂದು ಎತ್ತಿಯೇ ಇಟ್ಟಿದ್ದ.

ನಾಲ್ಕು ಮೂಲೆಗೆ ನಾಲ್ಕು ಜಾಕುಗಳ ಕಾಲು ಇಳಿಸಿ ಒಂದೊಂದನ್ನೇ ತಿರುಗಿಸತೊಡಗಿದ. ಪೆಟ್ಟಿಗೆ ಮೆಲ್ಲಗೆ ಮೇಲೆದ್ದಿತು. ಗಾರ್ತ್ ಮತ್ತೆ ಕೈಯೆತ್ತಿದ.

“ಸಾರ್, ಬಲಗಡೆ ಟ್ರಕ್ಕೂ ಜೊತೆಗೇ ಮೇಲೆ ಬರ್ತಾ ಇದೆ.”

ವರ್ಲಿನ್ ತಿರುಗಿ ನೋಡಿದ. ಹೌದು, ಬರುತ್ತಿತ್ತು. ಗೊತ್ತಿಲ್ಲ ಎನ್ನುವ ಮಾತನ್ನು ಅವನ ನಾಲಿಗೆ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ, ಈಗಲೂ ಆಡಲಿಲ್ಲ.

“ಅದು ಸ್ಪ್ರಿಂಗು. ಬೆನ್ನ ಮೇಲಿನ ಭಾರ ಇಳಿದಾಗ ಟ್ರಕ್ಕು ಹಾಗೆ ನಿಟ್ಟುಸಿರು ಬಿಡುತ್ತೆ.”

ಗಾರ್ತ್ ‘ನಿಟ್ಟುಸಿರು’ ಎಂದು ಬರೆದುಕೊಂಡ.

“ಮೇಷ್ಟ್ರೇ, ಆ ಕಡೆ ಕೊಂಡಿ ನೋಡ್ರೀ!” ಎಂದು ಡೆಲ್ಫಿನಾ ಕೂಗಿದಳು.

“ಪ್ರಶ್ನೆಗಳು ಕೊನೆಯಲ್ಲಿ,” ಎಂದ ವರ್ಲಿನ್.

“ಪ್ರಶ್ನೆ ಅಲ್ರೀ ಇದು!”

ಅವನು ಆಗಲೇ ಟ್ರಕ್ಕು ಹತ್ತಿ ಬಾಗಿಲು ಹಾಕಿಕೊಂಡಿದ್ದ. ಪೆಟ್ಟಿಗೆಯ ಅಡಿಯಿಂದ ಟ್ರಕ್ಕನ್ನು ಹೊರತರಲು ಗೇರು ಹಾಕಿ ಮುಂದಕ್ಕೆ ಬಿಟ್ಟ. ಟ್ರಕ್ಕು ಮೂರಡಿ ಹೋಯಿತು, ಪೆಟ್ಟಿಗೆಯೂ ಜೊತೆಗೇ ಹೊರಟಿತು. ಮುಂದಿನ ಬಲಗಡೆಯ ಜಾಕು ಕಬ್ಬಿನ ಜಲ್ಲೆಯಂತೆ ಬಾಗಿತು. ಪೆಟ್ಟಿಗೆ ಒಂಟೆಯ ಹಾಗೆ ಮಂಡಿಯೂರಿ, ಟ್ರಕ್ಕಿನ ಅಂಚಿಗೆ ಒರಗಿ, ಎತ್ತಿದ್ದ ಚಾವಣಿ ಒಂದು ಕಡೆಗೆ ವಾಲಿ, ಕ್ಯಾನ್ವಾಸು ಉದ್ದಕ್ಕೆ ಪರ್ರೆಂದು ಹರಿಯಿತು. ಒಳಗಿನಿಂದ ಬಾಣಲೆ, ಬಾಳೆಹಣ್ಣು, ವರ್ಲಿನ್‌ನ ಒಳಚಡ್ಡಿಗಳು ಒಂದೊಂದಾಗಿ ಮರಳಿಗೆ ಬಿದ್ದವು. ಹದಿನೈದು ಫೋನುಗಳು ಅದನ್ನು ಹದಿನೈದು ಕೋನಗಳಿಂದ ಹಿಡಿದವು.

ಕೊನೆಗೆ ಗಾರ್ತ್ ಪೆನ್ನು ಹಿಡಿದುಕೊಂಡೇ ವಿನಯದಿಂದ ಕೇಳಿದ: “ಸಾರ್, ಇದೂ ಪಾಠದೊಳಗೇ ಬರುತ್ತಾ?”

ಡೆಲ್ಫಿನಾ ಎದ್ದು ಬಂದಳು. ಹತ್ತು ಜನರನ್ನು ಹೆಸರು ಹಿಡಿದು ಕರೆದು, ಹಲಗೆ ತರಿಸಿ, ತನ್ನ ಲಾರಿ ಕಾಲದ ಜಾಕು ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯನ್ನು ಟ್ರಕ್ಕಿನ ಮೇಲೆ ಮತ್ತೆ ಕೂರಿಸಿದಳು. ವರ್ಲಿನ್ ಸಹಾಯಕ್ಕೆ ಬಂದಾಗಲೆಲ್ಲ, “ನೀವು ಅಲ್ಲಿ ನೆರಳಲ್ಲಿ ನಿಂತ್ಕೊಳ್ಳಿ ಮೇಷ್ಟ್ರೇ,” ಎಂದು ಬೆನ್ನು ತಟ್ಟಿ ಕಳಿಸಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೆನ್ನು ತಟ್ಟಿದ್ದು ಬಹಳ ಉರಿಯಿತು. ಅವತ್ತು ಅವನು ಹರಿದ ಕ್ಯಾನ್ವಾಸಿನ ಕೆಳಗೆ ಕೂತು ನಿಜಕ್ಕೂ ಸಣ್ಣವನಾದ. ಗ್ಲೌಸ್ ಬಿಚ್ಚಿ ತನ್ನ ಕೈಗಳನ್ನು ನೋಡಿಕೊಂಡ. ಮೆತ್ತಗಿದ್ದವು, ಸೀಮೆಸುಣ್ಣ ಹಿಡಿದ ಕೈ.

ಸೋಮವಾರ ನೋಲಾ ಬಂದಳು. ಹರಿದ ಜಾಗದ ಉದ್ದಕ್ಕೂ ಬೆರಳು ಓಡಿಸಿದಳು.

“ಎಷ್ಟು ಜನ ಇದ್ರು?”

“ಎಂಬತ್ತು.”

“ಯಾರಿಗಾದ್ರೂ ಪೆಟ್ಟಾಯ್ತಾ?”

“ಇಲ್ಲ.”

“ಸರಿ. ಮೇಣದ ದಾರದ ಉಂಡೆ ಕೊಡು.”

ಅಷ್ಟೇ. ಎರಡು ದಿನ ಕೂತು ಬಾಗಿದ ಸೂಜಿಯಲ್ಲಿ ಹೊಲಿದಳು, ಒಳಗೊಂದು ಹೊರಗೊಂದು ತೇಪೆ ಹಾಕಿ ಅಂಟು ಸವರಿದಳು. ವರ್ಲಿನ್ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಟ್ಟ.

“ಜನಕ್ಕೆ ನಿಜ ಹೇಳ್ಬಿಡು,” ಎಂದಳು ಕೊನೆಯ ಗಂಟು ಹಾಕುತ್ತ. “ಹೇಳಿದ್ರೆ ಹಗುರ ಆಗ್ತೀಯ.”

ಅವನು ಹೇಳಿದ. ಬುಧವಾರ ಬೆಳಿಗ್ಗೆ ಕ್ಯಾಮೆರಾ ಮುಂದೆ ಕೂತು, ‘ನಾನು ಸೋತೆ’ ಎಂಬ ವಿಡಿಯೋ ಮಾಡಿದ. ಕೊಂಡಿ ಮರೆತದ್ದು, ಸ್ಪ್ರಿಂಗೆಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಒಪ್ಪಿಕೊಂಡ. ಕೈಗಳ ವಿಷಯ ಬಂದಾಗ ಮಾತ್ರ ನಾಲಿಗೆ ಸ್ವಲ್ಪ ಹೊರಳಿ, ‘ಇಷ್ಟು ದಿನ ನನ್ನ ಹೆಂಡತಿಯೂ ಅಲ್ಲಿ ಇಲ್ಲಿ ನೆರವಾಗಿದ್ದಾಳೆ, ಅವಳ ಪ್ರೋತ್ಸಾಹವಿಲ್ಲದೆ ನಾನಿಲ್ಲ’ ಎಂದುಬಿಟ್ಟಿತು.

ಮುಂದಿನ ಸೋಮವಾರದ ಹೊತ್ತಿಗೆ ಆ ವಿಡಿಯೋವನ್ನು ಹನ್ನೊಂದು ಲಕ್ಷ ಜನ ನೋಡಿದ್ದರು. ‘ಇಂಥ ಪ್ರಾಮಾಣಿಕರು ಈ ಕಾಲದಲ್ಲೂ ಇದ್ದಾರಲ್ಲ’ ಎಂದು ಒಬ್ಬ. ‘ಅಳು ಬಂತು ಸಾರ್’ ಎಂದು ಗಾರ್ತ್. ‘ನಿಮ್ಮ ಹೆಂಡತಿ ಪುಣ್ಯವಂತೆ’ ಎಂದು ಇನ್ನೂರು ಜನ.

ವರ್ಲಿನ್‌ನ ಎದೆ ಮತ್ತೆ ಉಬ್ಬಿತು, ಈ ಸಲ ಮೊದಲಿಗಿಂತ ಎರಡು ಅಂಗುಲ ಹೆಚ್ಚಿಗೆ. ವಿನಯದಲ್ಲಿ ಇಷ್ಟು ಫಸಲಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಡೆಲ್ಫಿನಾಳಿಗೆ ಅಹಂಕಾರದ ದುಷ್ಪರಿಣಾಮಗಳ ಬಗ್ಗೆ ಒಂದು ಗಂಟೆ ಹೇಳಿದ. ‘ಸೋಲು ಕಲಿಸಿದ ಪಾಠಗಳು’ ಎಂದು ಏಳು ಭಾಗಗಳ ಸರಣಿ ಬರೆದ.

ಮಂಗಳವಾರ ಬೆಳಿಗ್ಗೆ ಮೊದಲ ಭಾಗದ ಚಿತ್ರೀಕರಣ. ಬೆನ್ನಿಗೆ ಕ್ಯಾಂಪರ್ ಬರುವ ಹಾಗೆ ಕೂತುಕೊಂಡ.

“ಗಾಳಿ ಏಳೋ ಹಾಗಿದೆ,” ಎಂದಳು ನೋಲಾ. “ನೀರೂ ಮುಗಿದಿದೆ. ಊರಿಗೆ ಹೋಗಿ ತುಂಬಿಸ್ಕೊಂಡು, ಬಟ್ಟೆ ಒಗಕೊಂಡು ಬರೋಣ ಬಾ.”

“ಒಂದು ಹತ್ತು ನಿಮಿಷ. ‘ತಪ್ಪಿನ ಮುಂದೆ ತಲೆಬಾಗಿ’ ಅನ್ನೋ ಕಡೆ ದನಿ ಸರಿಯಾಗಿ ನಡುಗ್ತಿಲ್ಲ.”

“ವರ್ಲಿನ್, ಆ ‘ಅಲ್ಲಿ ಇಲ್ಲಿ ನೆರವು’ ಅಂದ್ಯಲ್ಲ.”

“ಹೂಂ?”

“ಯಾವ ಅಲ್ಲಿ? ಯಾವ ಇಲ್ಲಿ?”

“ಆಮೇಲೆ ಮಾತಾಡೋಣ ಚಿನ್ನ, ಬೆಳಕು ಹೋಗುತ್ತೆ,” ಎಂದು ಅವನು ಗಂಟಲು ಸರಿಮಾಡಿಕೊಂಡ.

ನೋಲಾ ಗ್ಯಾಸ್ ಆರಿಸಿದಳು. ಕ್ಯಾನ್ವಾಸನ್ನು ಒಳಕ್ಕೆ ಎಳೆದುಕೊಳ್ಳುತ್ತ ಚಾವಣಿ ಇಳಿಸಿದಳು, ನಾಲ್ಕು ಚಿಲಕ ಹಾಕಿದಳು, ನಾಲ್ಕು ಕೊಂಡಿ ಎಳೆದು ನೋಡಿದಳು. ಟ್ರಕ್ಕಿನ ಸದ್ದು ವರ್ಲಿನ್‌ಗೆ ಕೇಳಿಸಿತು. ಯಾರದೋ ಬಂಡಿಯೆಂದುಕೊಂಡು, ಧ್ವನಿಮುದ್ರಣ ಕೆಟ್ಟಿತಲ್ಲ ಎಂದು ಸಿಡುಕಿದ. ನಾಲ್ಕನೆಯ ಸಲ ಕಣ್ಣೊರೆಸಿಕೊಂಡು, “ಇಗೋ, ನನ್ನ ಹಿಂದಿರುವ ಈ ಪುಟ್ಟ ಮನೆಯೇ ನನ್ನ ಗುರು,” ಎಂದು ಕೈ ತೋರಿಸಿ ತಿರುಗಿದರೆ, ಹಿಂದೆ ಬರೀ ಮರಳು, ದೂರದಲ್ಲಿ ಒಂದು ಕಳ್ಳಿ ಗಿಡ. ಕಳ್ಳಿಯೂ ಎರಡು ಕೈ ಎತ್ತಿಕೊಂಡು ನಿಂತಿತ್ತು.

ಸಂಜೆಯಾದರೂ ನೋಲಾ ಬರಲಿಲ್ಲ. ಡೆಲ್ಫಿನಾ ಅವನಿಗೆ ತನ್ನ ಬಂಡಿಯ ಪಕ್ಕ ಒಂದು ಟೆಂಟು ಹಾಕಿಕೊಟ್ಟಳು, ಗುಂಜು ಗುಂಜಾದ ಒಂದು ರಜಾಯಿ ಕೊಟ್ಟಳು.

“ಬರ್ತಾಳೆ ಅಂತೀರಾ?” ಎಂದ ಅವನು. ಡೆಲ್ಫಿನಾಳನ್ನು ಅವನು ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು.

“ನನ್ನ ಕೇಳಿದ್ರೆ? ನಾನಾಗಿದ್ರೆ ಇಷ್ಟೊತ್ತಿಗೆ ಟೆಕ್ಸಸ್ ದಾಟಿರ್ತಿದ್ದೆ. ಅವಳು ನನಗಿಂತ ಒಳ್ಳೆಯವಳು. ಊಟ ಮಾಡಿ.”

ಮರುದಿನ ಹತ್ತು ಗಂಟೆಗೆ ಟ್ರಕ್ಕು ಬಂತು. ನೋಲಾ ಇಳಿದಳು. ಮುಖ ತೊಳೆದಂತಿತ್ತು, ಕೂದಲು ಕತ್ತರಿಸಿಕೊಂಡಿದ್ದಳು. ವರ್ಲಿನ್ ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಭಾಷಣ ಬಿಟ್ಟು ನೇರ ಕೇಳಿದ.

“ಎಲ್ಲಿಗೆ ಹೋಗಿದ್ದೆ?”

“ನದಿ ದಂಡೆಗೆ. ನೀರು ತುಂಬಿಸಿದೆ, ಬಟ್ಟೆ ಒಗೆದೆ, ಚೆರ್ರಿ ಪೈ ತಿಂದೆ. ಆಮೇಲೆ ಚಾವಣಿ ಎತ್ತಿ ಮಲಗಿದೆ.”

“ಯಾಕೆ ನೋಲಾ?”

“ಹಾಸಿಗೆ ನಿಜವಾಗ್ಲೂ ಎಷ್ಟು ಅಗಲ ಇದೆ ಅಂತ ನೋಡ್ಬೇಕಿತ್ತು,” ಎಂದಳು. “ಚೆನ್ನಾಗೇ ಇದೆ.”

ವರ್ಲಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಕೈ ನಿಂದು ಅಂತ ಹೇಳ್ಬೇಕಿತ್ತು ನಾನು.”

“ಹೇಳ್ಬೇಕಿತ್ತು.”

“ಹೇಳ್ತೀನಿ.”

“ನೀನು ಹೇಳೋದು ಬೇಡ. ಶನಿವಾರ ಕ್ಯಾನ್ವಾಸ್ ಹೊಲಿಯೋದನ್ನ ನಾನು ತೋರಿಸ್ತೀನಿ, ಡೆಲ್ಫಿನಾ ಬೋರ್ಡು ಬರೀತಾಳೆ. ನೀನು ದಾರ ಪೋಣಿಸಿ ಕೊಡು. ಯಾರಾದ್ರೂ ನಿನ್ನ ಕೇಳಿದ್ರೆ ಮಾತ್ರ ಬಾಯಿ ಬಿಡು.”

ಶನಿವಾರ ನೂರಕ್ಕೂ ಹೆಚ್ಚು ಜನ ಸೇರಿದರು. ನೋಲಾ ಬರಿಗೈಯಲ್ಲಿ ಹೊಲಿದಳು. ಹೆಚ್ಚು ಮಾತಾಡಲಿಲ್ಲ, “ಇಲ್ಲಿ ಎಳೀಬೇಡಿ, ಇಲ್ಲಿ ಎಳೀರಿ,” ಎಂದಳು, ಕಲಿಯುವವರ ಕೈಗೇ ಸೂಜಿ ಕೊಟ್ಟಳು. ಆ ಕೈಗಳ ಚಳಕ ನೋಡಿ ಗಾರ್ತ್‌ಗೆ ಏನೋ ಹೊಳೆದಂತಾಯಿತು. ನೋಟುಪುಸ್ತಕದ ಹಳೆಯ ಹಾಳೆಗಳನ್ನು ತಿರುವಿ ಹಾಕತೊಡಗಿದ. ವರ್ಲಿನ್ ಮುಕ್ಕಾಲು ಗಂಟೆ ತುಟಿ ಬಿಚ್ಚದೆ ದಾರ ಪೋಣಿಸಿದ. ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ಅವನ ತಾಯಿಯೂ ಕಂಡಿರಲಿಲ್ಲವೇನೋ.

ಆಮೇಲೆ ಹಿಂದಿನ ಸಾಲಿನ ಒಬ್ಬ ಹೆಂಗಸು, “ಸಾರ್, ತೇಪೆಗೆ ಯಾವ ಅಂಟು ಒಳ್ಳೇದು?” ಎಂದು ಅವನನ್ನೇ ಕೇಳಿದಳು.

ವರ್ಲಿನ್ ಬಾಯಿ ತೆರೆದ. ನೋಲಾ ಸೂಜಿ ನಿಲ್ಲಿಸಿದಳು. ಡೆಲ್ಫಿನಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

“ನನಗೆ ಗೊತ್ತಿಲ್ಲ,” ಎಂದ ಅವನು. “ಅವಳನ್ನ ಕೇಳಿ.”

ಯಾರೋ ಚಪ್ಪಾಳೆ ತಟ್ಟಿದರು. ನೋಲಾಳ ಮುಖದಲ್ಲಿ ನಗು ಬಂತು, ನಿಜವಾದ ನಗು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೊತ್ತಿಲ್ಲ ಎಂದು ಹೇಳುವುದು ಎಷ್ಟು ಮುಖ್ಯ, ಅದನ್ನು ಯಾವ ಸಂದರ್ಭದಲ್ಲಿ ಹೇಗೆ ಹೇಳಬೇಕು, ತನಗೆ ಅದು ಹೇಗೆ ಕೈಗೂಡಿತು ಎಂಬುದನ್ನು ವರ್ಲಿನ್ ಎದ್ದು ನಿಂತು ಇಪ್ಪತ್ತು ನಿಮಿಷ ವಿವರಿಸಿದ. ಅಷ್ಟರಲ್ಲಿ ನೋಲಾ ಆ ಹೆಂಗಸನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಅಂಟಿನ ಡಬ್ಬಿ ತೋರಿಸಿ, ಒಂದು ಚೂರು ಸವರಿಯೂ ಕೊಟ್ಟಿದ್ದಳು.